ಅಗ್ನಿಯೆದುರಿನ ಪಿಂಗಾಣಿ ಪೊರೆ: ಉಷ್ಣರೋಧಕ ಲೇಪಗಳ ಬಾಳಿಕೆ

ಸೌದೆಯ ಒಲೆಗಳು ಉರಿಯುತ್ತಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳ ಅಡಿಗೆಮನೆಗಳಲ್ಲಿ ಒಂದು ಪದ್ಧತಿಯಿತ್ತು. ಅಲ್ಲಲ್ಲಿ ಇಂದಿಗೂ ಉಳಿದಿದೆ. ಪಾತ್ರೆಯನ್ನು ಒಲೆಯ ಮೇಲೆ ಏರಿಸುವ ಮುನ್ನ ಗೃಹಿಣಿಯು ಅದರ ತಳಕ್ಕೂ ಹೊರಮೈಗೂ ಮಣ್ಣನ್ನೋ ಬೂದಿಯನ್ನೋ ನೀರಿನಲ್ಲಿ ಕಲಸಿ ತೆಳುವಾಗಿ ಬಳಿಯುತ್ತಿದ್ದಳು. ಲೋಹಕ್ಕೆ ಮಸಿ ಹಿಡಿಯಬಾರದು, ಬೆಳಗಲು ಸುಲಭವಾಗಬೇಕು ಎಂಬುದು ಅದರ ಉದ್ದೇಶ. ಪಾತ್ರೆಯು ಕಾದು ಆರಿದ ಮೇಲೆ ನೋಡಿದರೆ ಆ ಮಣ್ಣಿನ ಪೊರೆಯಲ್ಲಿ ಬಿರುಕುಗಳು ಮೂಡಿರುತ್ತಿದ್ದವು. ಅಂಚಿನಲ್ಲಿ ಅದು ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. ಮರುದಿನ ಹೊಸದಾಗಿ ಬಳಿದರೆ ತೀರಿತು. ಆದರೆ ಮರುದಿನ ಬಳಿಯುವ ಅವಕಾಶವೇ ಇಲ್ಲದ ಎಡೆಯಲ್ಲಿ, ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ, ನೂರಾರು ಜನರ ಪ್ರಾಣವನ್ನು ಹೊತ್ತ ಯಂತ್ರದೊಳಗೆ ಇಂಥದೇ ಒಂದು ಪೊರೆಯು ಸಾವಿರಾರು ಬಾರಿ ಕಾದು ಸಾವಿರಾರು ಬಾರಿ ಆರಿಯೂ ಉದುರದೆ ನಿಲ್ಲಬೇಕೆಂದರೆ ಏನು ಮಾಡಬೇಕು?

ಜೆಟ್ ವಿಮಾನದ ಎಂಜಿನ್ನಿನಲ್ಲಿ ತಿರುಗುವ ಟರ್ಬೈನ್ ಅಲಗುಗಳಿಗೆ ಹಚ್ಚಿದ ಪಿಂಗಾಣಿಯ ಲೇಪವೇ ಆ ಪೊರೆ. ಅಲಗಿನ ಮೇಲೆ ಅದರ ದಪ್ಪವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಕಾಲು ಭಾಗವನ್ನು ಮೀರುವುದಿಲ್ಲ. ಪೊರೆಯ ಹೊರಗೆ ಲೋಹವನ್ನು ಕರಗಿಸಬಲ್ಲ ಅನಿಲ. ಪೊರೆಯ ಒಳಗೆ ಕರಗದೆ ದುಡಿಯಬೇಕಾದ ಲೋಹ. ಈ ಲೇಪವು ಏಕೆ ಬೇಕಾಯಿತು, ಅದು ಹೇಗೆ ಕೆಲಸ ಮಾಡುತ್ತದೆ, ಎಷ್ಟು ಕಾಲ ಬಾಳಿ ಕೊನೆಗೆ ಯಾವ ಕಾರಣದಿಂದ ಉದುರುತ್ತದೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ನೆರವಿನಿಂದಲೇ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಹೆಚ್ಚಿನ ಉಷ್ಣತೆ ಏತಕ್ಕೆ?

ಜೆಟ್ ಎಂಜಿನ್ನಿನ ತತ್ತ್ವ ಸರಳವಾದುದು. ಮುಂಬದಿಯಿಂದ ಒಳಬರುವ ಗಾಳಿಯನ್ನು ಸಂಪೀಡಕವು ಒತ್ತಿ ದಟ್ಟಗೊಳಿಸುತ್ತದೆ. ದಹನಕೋಷ್ಠದಲ್ಲಿ ಅದಕ್ಕೆ ಇಂಧನ ಬೆರೆತು ಉರಿಯುತ್ತದೆ. ಹಿಗ್ಗಿದ ಅನಿಲವು ಟರ್ಬೈನಿನ ಅಲಗುಗಳನ್ನು ತಳ್ಳಿ ತಿರುಗಿಸಿ, ಉಳಿದ ವೇಗದಿಂದ ಹಿಂಬದಿಗೆ ನುಗ್ಗುತ್ತದೆ. ತಿರುಗುವ ಟರ್ಬೈನೇ ಸಂಪೀಡಕವನ್ನೂ ನಡೆಸುತ್ತದೆ. ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ ಈ ಬಗೆಯ ಎಂಜಿನ್ನಿಗೆ ಪೇಟೆಂಟ್ ಕೋರಿದ್ದು ೧೯೩೦ರಲ್ಲಿ. ಜರ್ಮನಿಯ ಹಾನ್ಸ್ ಫಾನ್ ಓಹೈನ್ ರಚಿಸಿದ ಎಂಜಿನ್ನಿನ ಬಲದಿಂದ ಮೊದಲ ಜೆಟ್ ವಿಮಾನವು ೧೯೩೯ರ ಆಗಸ್ಟ್ ೨೭ರಂದು ಹಾರಿತು.

ಶಾಖದಿಂದ ಕೆಲಸ ಪಡೆಯುವ ಯಾವುದೇ ಯಂತ್ರಕ್ಕೆ ಒಂದು ಮಿತಿಯುಂಟೆಂಬುದನ್ನು ಫ್ರಾನ್ಸಿನ ಸಾದಿ ಕಾರ್ನೊ ೧೮೨೪ರಲ್ಲಿಯೇ ತೋರಿಸಿಕೊಟ್ಟಿದ್ದನು. ಯಂತ್ರವು ಶಾಖವನ್ನು ಪಡೆಯುವ ಉಷ್ಣತೆಗೂ ಬಿಟ್ಟುಕೊಡುವ ಉಷ್ಣತೆಗೂ ನಡುವಿನ ಅಂತರ ದೊಡ್ಡದಾದಷ್ಟೂ ಶಾಖದ ಹೆಚ್ಚಿನ ಪಾಲು ಕೆಲಸವಾಗಿ ಒದಗುತ್ತದೆ. ಬಿಟ್ಟುಕೊಡುವ ಉಷ್ಣತೆ ೩೦೦ ಕೆಲ್ವಿನ್ ಎಂದಿಟ್ಟುಕೊಳ್ಳೋಣ. ಪಡೆಯುವ ಉಷ್ಣತೆ ೧೦೦೦ ಕೆಲ್ವಿನ್ ಆಗಿದ್ದರೆ ಆದರ್ಶ ಯಂತ್ರದ ದಕ್ಷತೆ ಶೇಕಡ ೭೦. ಅದನ್ನು ೧೮೦೦ ಕೆಲ್ವಿನ್‌ಗೆ ಏರಿಸಿದರೆ ಶೇಕಡ ೮೩. ನಿಜವಾದ ಎಂಜಿನ್ನುಗಳು ಈ ಆದರ್ಶವನ್ನು ಎಂದೂ ಮುಟ್ಟಲಾರವು. ಆದರೂ ಅನಿಲದ ಉಷ್ಣತೆಯನ್ನು ಏರಿಸಿದಂತೆಲ್ಲ ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ನೂಕುಬಲವೂ, ತಕ್ಕ ಸಂಪೀಡನದೊಡನೆ, ಇಂಧನದ ಉಳಿತಾಯವೂ ದೊರೆಯುತ್ತವೆ. ಆದುದರಿಂದ ಜೆಟ್ ಎಂಜಿನ್ನಿನ ಇತಿಹಾಸವೆಂದರೆ ಬಹುಮಟ್ಟಿಗೆ ಉಷ್ಣತೆಯನ್ನು ಏರಿಸುತ್ತ ಬಂದ ಇತಿಹಾಸವೇ ಆಗಿದೆ. ಇಂದಿನ ಎಂಜಿನ್ನುಗಳಲ್ಲಿ ಟರ್ಬೈನನ್ನು ಪ್ರವೇಶಿಸುವ ಅನಿಲದ ಉಷ್ಣತೆ ೧೫೦೦ ಡಿಗ್ರಿ ಸೆಲ್ಸಿಯಸನ್ನು ದಾಟಿದೆ.

ಲೋಹದ ಮಿತಿ

ಇಲ್ಲಿಯೇ ತೊಡಕು ಮೊದಲಾಗುತ್ತದೆ. ಟರ್ಬೈನಿನ ಅಲಗುಗಳನ್ನು ನಿಕಲ್ ಮೂಲದ ಉನ್ನತ ಮಿಶ್ರಲೋಹಗಳಿಂದ ಮಾಡುತ್ತಾರೆ. ಶುದ್ಧ ನಿಕಲ್ ಕರಗುವುದು ೧೪೫೫ ಡಿಗ್ರಿಯಲ್ಲಿ. ಅಲ್ಯೂಮಿನಿಯಂ, ಕ್ರೋಮಿಯಂ, ಕೋಬಾಲ್ಟ್, ಟಂಗ್‌ಸ್ಟನ್ ಮುಂತಾದುವನ್ನು ಬೆರೆಸಿದ ಮಿಶ್ರಲೋಹವು ಸುಮಾರು ೧೩೦೦ ಡಿಗ್ರಿಯ ಆಸುಪಾಸಿನಲ್ಲಿಯೇ ಕರಗತೊಡಗುತ್ತದೆ. ಅಂದರೆ ಅಲಗಿನ ಮೇಲೆ ಹಾಯುವ ಅನಿಲವು ಆ ಅಲಗಿನ ಕರಗುವ ಬಿಂದುವಿಗಿಂತಲೂ ಇನ್ನೂರು ಡಿಗ್ರಿಗಳಷ್ಟು, ಕೆಲವೆಡೆ ಅದಕ್ಕೂ ಮೇಲೆ, ಬಿಸಿಯಾಗಿರುತ್ತದೆ.

ಕರಗುವುದೊಂದೇ ಅಪಾಯವಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣವು ಕರಗುವುದಕ್ಕೆ ಬಹು ಮುನ್ನವೇ ಕಮ್ಮಾರನ ಸುತ್ತಿಗೆಗೆ ಮಣಿಯುವುದನ್ನು ನಾವೆಲ್ಲ ಕಂಡಿದ್ದೇವೆ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತುಗಳ ವೇಗದಲ್ಲಿ ತಿರುಗುವ ಅಲಗನ್ನು ಕೇಂದ್ರಾಪಗಾಮಿ ಬಲವು ಹಲವು ಟನ್ನುಗಳ ಹೊರೆಯಂತೆ ಹೊರಕ್ಕೆ ಎಳೆಯುತ್ತಿರುತ್ತದೆ. ಕಾದ ಲೋಹವು ಇಂಥ ಎಳೆತದಲ್ಲಿ ದಿನದಿಂದ ದಿನಕ್ಕೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಉದ್ದವಾಗುತ್ತ ಹೋಗಿ ಕೊನೆಗೆ ಹರಿಯುತ್ತದೆ. ಲೋಹದ ಉಷ್ಣತೆಯು ಲೆಕ್ಕಕ್ಕಿಂತ ಸುಮಾರು ೩೦ ಡಿಗ್ರಿ ಹೆಚ್ಚಾದರೂ ಸಾಕು, ಅಲಗಿನ ಆಯುಷ್ಯ ಅರ್ಧಕ್ಕೆ ಇಳಿಯಬಹುದು. ಇದನ್ನು ಎದುರಿಸಲು ಲೋಹಶಾಸ್ತ್ರಜ್ಞರು ಮಿಶ್ರಲೋಹಗಳನ್ನು ಬಗೆಬಗೆಯಾಗಿ ಸುಧಾರಿಸಿದರು. ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುವ ಕಲೆಯೂ ಸಿದ್ಧಿಸಿತು. ಅಂಥ ಅಲಗುಗಳು ೧೯೮೦ರ ದಶಕದ ಆರಂಭದಲ್ಲಿ ಪ್ರಯಾಣಿಕ ವಿಮಾನಗಳ ಎಂಜಿನ್ನುಗಳನ್ನು ಸೇರಿದವು. ಆದರೆ ಮಿಶ್ರಣವನ್ನು ಎಷ್ಟೇ ತಿದ್ದಿದರೂ ನಿಕಲ್ಲಿನ ಕರಗುವ ಬಿಂದುವನ್ನು ಬದಲಿಸಲಾಗದು. ಲೋಹದಿಂದ ಆಗಬೇಕಾದುದು ಬಹುಮಟ್ಟಿಗೆ ಆದ ಮೇಲೆ ಉಳಿದ ದಾರಿಯೆಂದರೆ ಲೋಹಕ್ಕೆ ಬೆಂಕಿ ನೇರವಾಗಿ ತಾಗದಂತೆ ಕಾಯುವುದು.

ಪೊರೆಯೂ ತಂಪೂ ಕೂಡಿ

ಪಿಂಗಾಣಿಯ ಪೊರೆಯು ತಾನೊಂದೇ ಲೋಹವನ್ನು ಕಾಯುತ್ತದೆಂದು ಭಾವಿಸಿದರೆ ತಪ್ಪಾದೀತು. ಒಳಗಿನಿಂದ ಶಾಖವನ್ನು ಒಯ್ಯುವವರಿಲ್ಲದಿದ್ದರೆ ಎಷ್ಟು ದಪ್ಪನೆಯ ಪೊರೆಯಾದರೂ ಸ್ವಲ್ಪ ಹೊತ್ತಿನಲ್ಲಿ ಒಳಗೂ ಹೊರಗೂ ಒಂದೇ ಉಷ್ಣತೆಗೆ ಬರುತ್ತದೆ. ಒಲೆಯ ಮೇಲಿನ ಪಾತ್ರೆ ಸುಡದಿರುವುದು ಒಳಗಿನ ನೀರಿನಿಂದ. ನೀರು ಇಂಗಿದರೆ ಪಾತ್ರೆ ಸೀಯುತ್ತದೆ. ಅಲಗಿನೊಳಗೆ ನೀರಿನ ಕೆಲಸವನ್ನು ಗಾಳಿ ಮಾಡುತ್ತದೆ. ಅಲಗನ್ನು ಟೊಳ್ಳಾಗಿ ಎರಕ ಹೊಯ್ದು, ಅದರೊಳಗಿನ ಸುತ್ತುಬಳಸಿನ ನಾಳಗಳ ಮೂಲಕ ಸಂಪೀಡಕದಿಂದ ತಂದ ಗಾಳಿಯನ್ನು ಹಾಯಿಸುತ್ತಾರೆ. ಆ ಗಾಳಿಯೂ ನೂರಾರು ಡಿಗ್ರಿಗಳಷ್ಟು ಬಿಸಿಯೇ. ಆದರೆ ಹೊರಗಿನ ಅನಿಲಕ್ಕೆ ಹೋಲಿಸಿದರೆ ಅದು ತಂಪು.

ಲೇಪದ ಉಪಕಾರವನ್ನು ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ಅಲಗಿನ ಒಂದು ಚದರ ಮೀಟರ್ ಮೈಯ ಮೂಲಕ ಹತ್ತು ಲಕ್ಷ ವಾಟ್ ಶಾಖ ಹರಿಯುತ್ತಿದೆಯೆನ್ನೋಣ. ರಂಧ್ರಯುಕ್ತ ಪಿಂಗಾಣಿ ಲೇಪದ ಉಷ್ಣವಾಹಕತೆ ಸುಮಾರು ೧. ದಪ್ಪ ೧೫೦ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ನೂರೈವತ್ತು ಪಾಲು. ಶಾಖದ ಹರಿವನ್ನು ದಪ್ಪದಿಂದ ಗುಣಿಸಿ ವಾಹಕತೆಯಿಂದ ಭಾಗಿಸಿದರೆ ಲೇಪದ ಹೊರಮೈಗೂ ಒಳಮೈಗೂ ನಡುವೆ ೧೫೦ ಡಿಗ್ರಿಗಳ ಅಂತರ ಬರುತ್ತದೆ. ಅಷ್ಟೇ ದಪ್ಪದ ಮಿಶ್ರಲೋಹದ ವಾಹಕತೆ ೨೫ರಷ್ಟಿರುವುದರಿಂದ ಅದರಲ್ಲಿ ಉಂಟಾಗುವ ಅಂತರ ಕೇವಲ ೬ ಡಿಗ್ರಿ. ಎರಡು ಮೂರು ತಲೆಗೂದಲುಗಳ ದಪ್ಪದ ಪೊರೆಯಿಂದ ಇಷ್ಟು ಲಾಭವೆಂದರೆ, ಮಿಶ್ರಲೋಹಗಳ ಸುಧಾರಣೆಯಲ್ಲಿ ದಶಕಗಳ ದುಡಿಮೆಯಿಂದ ಪಡೆದುದಕ್ಕೆ ಇದು ಸರಿಗಟ್ಟುತ್ತದೆ.

ಲೇಪದ ವಸ್ತು ಮತ್ತು ಪದರಗಳು

ಈ ಕಾರ್ಯಕ್ಕೆ ಆರಿಸಿದ ವಸ್ತು ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡು. ಅದು ಕರಗುವುದು ಸುಮಾರು ೨೭೦೦ ಡಿಗ್ರಿಯಲ್ಲಿ. ಶಾಖವನ್ನು ಬಹು ಕಡಿಮೆ ಒಯ್ಯುತ್ತದೆ. ಪಿಂಗಾಣಿಗಳ ಪೈಕಿ ಬಿಸಿಗೆ ಹೆಚ್ಚಾಗಿ ಹಿಗ್ಗಿ ಲೋಹಕ್ಕೆ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೊಂದು ದೋಷವುಂಟು. ಶುದ್ಧ ಜಿರ್ಕೋನಿಯಾವನ್ನು ಕಾಯಿಸಿದರೆ ಸುಮಾರು ೧೧೭೦ ಡಿಗ್ರಿಯಲ್ಲಿ ಅದರ ಹರಳಿನ ರಚನೆಯೇ ಬದಲಾಗುತ್ತದೆ. ಆರುವಾಗ ಮೊದಲಿನ ರಚನೆಗೆ ಮರಳುತ್ತ ಗಾತ್ರದಲ್ಲಿ ಶೇಕಡ ನಾಲ್ಕೈದರಷ್ಟು ಉಬ್ಬುತ್ತದೆ. ಹೀಗೆ ಉಬ್ಬುವ ಪಿಂಗಾಣಿ ಪುಡಿಪುಡಿಯಾಗದೆ ಇರಲಾರದು. ಯಿಟ್ರಿಯಂ ಲೋಹದ ಆಕ್ಸೈಡನ್ನು ಸ್ವಲ್ಪ ಬೆರೆಸಿದರೆ ಈ ಬದಲಾವಣೆ ತಡೆಯಲ್ಪಡುತ್ತದೆ.

ಎಷ್ಟು ಬೆರೆಸಬೇಕು ಎಂಬ ಪ್ರಶ್ನೆಯು ಸಣ್ಣದಾಗಿ ಕಂಡರೂ ಲೇಪದ ಬಾಳಿಕೆಯನ್ನು ನಿರ್ಧರಿಸಿದ್ದು ಅದೇ. ಅಮೆರಿಕದ ನಾಸಾ ಸಂಸ್ಥೆಯ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ ಕರ್ಟ್ ಲೀಬರ್ಟ್, ಸ್ಟೀಫನ್ ಸ್ಟೆಕುರಾ ಮೊದಲಾದವರು ೧೯೭೦ರ ದಶಕದಲ್ಲಿ ಇಂಥ ಲೇಪ ಹಚ್ಚಿದ ಅಲಗುಗಳನ್ನು ಜೆ-೭೫ ಎಂಬ ಎಂಜಿನ್ನಿನಲ್ಲಿಯೇ ಓಡಿಸಿ ಪರೀಕ್ಷಿಸಿದರು; ಅವರ ವರದಿ ೧೯೭೬ರಲ್ಲಿ ಪ್ರಕಟವಾಯಿತು. ಹರಳಿನ ರಚನೆ ಸ್ವಲ್ಪವೂ ಬದಲಾಗದಂತೆ ಯಿಟ್ರಿಯಾವನ್ನು ಧಾರಾಳವಾಗಿ ಬೆರೆಸುವುದೇ ಮೇಲೆಂದು ಆಗ ತೋರುತ್ತಿತ್ತು. ಆದರೆ ತೂಕದಲ್ಲಿ ಶೇಕಡ ೬ರಿಂದ ೮ರಷ್ಟು ಮಾತ್ರ ಬೆರೆಸಿದ ಲೇಪವೇ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆಂದು ೧೯೭೮ರ ವೇಳೆಗೆ ಸ್ಟೆಕುರಾ ಪ್ರಯೋಗಗಳಿಂದ ತೋರಿಸಿದರು. ಆ ಪ್ರಮಾಣದಲ್ಲಿ ದೊರೆಯುವ ಹರಳಿಗೆ ಬಿರುಕನ್ನು ತಡೆದುಕೊಳ್ಳುವ ಗುಣ ಹೆಚ್ಚಾಗಿರುತ್ತದೆ. ಅಂದಿನಿಂದ ಇಂದಿನವರೆಗೂ ಜಗತ್ತಿನ ಬಹುಪಾಲು ಲೇಪಗಳು ಇದೇ ಪ್ರಮಾಣವನ್ನು ಅನುಸರಿಸುತ್ತಿವೆ.

ಲೇಪವು ಒಂದೇ ಪದರದ್ದಲ್ಲ. ಎಲ್ಲಕ್ಕೂ ಕೆಳಗೆ ಅಲಗಿನ ಮಿಶ್ರಲೋಹ. ಅದರ ಮೇಲೆ ಅಲ್ಯೂಮಿನಿಯಂ ಸಮೃದ್ಧವಾದ, ಸುಮಾರು ೧೦೦ ಮೈಕ್ರಾನ್ ದಪ್ಪದ ಬಂಧಕ ಲೇಪ. ಎಲ್ಲಕ್ಕೂ ಮೇಲೆ ಜಿರ್ಕೋನಿಯಾ. ಇವೆರಡರ ನಡುವೆ, ಎಂಜಿನ್ ಓಡತೊಡಗಿದ ಮೇಲೆ ತಾನಾಗಿ ಬೆಳೆಯುವ ನಾಲ್ಕನೆಯ ಪದರವೊಂದುಂಟು, ಅದೇ ಅಲ್ಯೂಮಿನಾ. ಕೆಲವೇ ಮೈಕ್ರಾನ್ ದಪ್ಪದ ಈ ಪದರವೇ ನಮ್ಮ ಕಥೆಯ ಮುಖ್ಯ ಪಾತ್ರಧಾರಿ.

ಜಿರ್ಕೋನಿಯಾವನ್ನು ಹಚ್ಚುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಪಿಂಗಾಣಿಯ ಪುಡಿಯನ್ನು ಅತಿ ಬಿಸಿಯಾದ ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಲೋಹದ ಮೇಲೆ ಎರಚುತ್ತಾರೆ. ಹನಿಗಳು ಗೋಡೆಗೆ ತಟ್ಟಿದ ಬೆರಣಿಗಳಂತೆ ಚಪ್ಪಟೆಯಾಗಿ ಒಂದರ ಮೇಲೊಂದು ಕೂಡುತ್ತವೆ. ನಡುನಡುವೆ ಉಳಿಯುವ ಸಂದುಗಳು ಶಾಖವನ್ನು ಚೆನ್ನಾಗಿ ತಡೆಯುತ್ತವೆ. ವೆಚ್ಚ ಕಡಿಮೆ. ದಹನಕೋಷ್ಠಗಳಿಗೂ ವಿದ್ಯುದಾಗಾರಗಳ ದೊಡ್ಡ ಟರ್ಬೈನುಗಳಿಗೂ ಇದು ಬಳಕೆಯಲ್ಲಿದೆ. ಎರಡನೆಯದರಲ್ಲಿ ನಿರ್ವಾತ ಕೋಷ್ಠದೊಳಗೆ ಎಲೆಕ್ಟ್ರಾನುಗಳ ಕಿರಣದಿಂದ ಪಿಂಗಾಣಿಯನ್ನು ಆವಿಯಾಗಿಸುತ್ತಾರೆ. ಆವಿಯು ಅಲಗಿನ ಮೇಲೆ ನೆಟ್ಟನೆಯ ಕಂಬಗಳಾಗಿ ಬೆಳೆಯುತ್ತದೆ. ಹೊಲದಲ್ಲಿ ಒತ್ತಾಗಿ ನಿಂತ ಜೋಳದ ದಂಟುಗಳಂತೆ ಈ ಕಂಬಗಳ ಬುಡ ಭದ್ರ, ಮೈ ಮಾತ್ರ ಬಿಡಿಬಿಡಿ. ಕೆಳಗಿನ ಲೋಹ ಹಿಗ್ಗಿದಾಗ ಕಂಬಗಳು ತುಸು ಅಗಲುತ್ತವೆ, ಕುಗ್ಗಿದಾಗ ಕೂಡುತ್ತವೆ, ಪೊರೆ ಒಡೆಯುವುದಿಲ್ಲ. ವೆಚ್ಚ ಹೆಚ್ಚಾದರೂ ವಿಮಾನದ ಎಂಜಿನ್ನಿನ ತಿರುಗುವ ಅಲಗುಗಳಿಗೆ ಈ ವಿಧಾನವನ್ನೇ ಆರಿಸುವುದು ಇದೇ ಕಾರಣದಿಂದ.

ಹಿಗ್ಗು ಕುಗ್ಗಿನ ವಿರಸ

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಏರಿಸುವ ರೀತಿಯನ್ನು ಓದುಗರು ಬಲ್ಲರು. ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಿಗ್ಗಿಸಿ, ಮರದ ಗಾಲಿಗೆ ತೊಡಿಸಿ ನೀರೆರೆಯುತ್ತಾರೆ. ಆರಿ ಕುಗ್ಗಿದ ಪಟ್ಟಿಯು ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಅಲಗಿನ ಪದರಗಳಲ್ಲಿಯೂ ನಡೆಯುವುದು ಇದೇ. ಆದರೆ ಅಲ್ಲಿ ಬಿಗಿಯೇ ಶತ್ರು.

೧೧೦೦ ಡಿಗ್ರಿಯಲ್ಲಿ ಒಂದೊಂದು ಮೀಟರ್ ಉದ್ದವಿರುವ ಮೂರು ಪಟ್ಟಿಗಳನ್ನು ಕಲ್ಪಿಸಿಕೊಳ್ಳೋಣ: ಒಂದು ಮಿಶ್ರಲೋಹದ್ದು, ಒಂದು ಜಿರ್ಕೋನಿಯಾದ್ದು, ಒಂದು ಅಲ್ಯೂಮಿನಾದ್ದು. ಇವು ಸೊನ್ನೆ ಡಿಗ್ರಿಗೆ ಆರಿದಾಗ ಮಿಶ್ರಲೋಹವು ಸುಮಾರು ೧೫ ಮಿಲಿಮೀಟರ್ ಕುಗ್ಗುತ್ತದೆ, ಜಿರ್ಕೋನಿಯಾ ೧೨, ಅಲ್ಯೂಮಿನಾ ೯. ಬಿಡಿಯಾಗಿದ್ದರೆ ಇದರಿಂದ ಬಾಧೆಯಿಲ್ಲ. ಆದರೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಎಲ್ಲಕ್ಕಿಂತ ದಪ್ಪವಾದ ಲೋಹವು ತಾನು ಕುಗ್ಗಿದಷ್ಟೇ ಉಳಿದವೂ ಕುಗ್ಗಬೇಕೆಂದು ಬಲಾತ್ಕರಿಸುತ್ತದೆ. ಅಲ್ಯೂಮಿನಾ ಪದರವು ಆಗ ಅನುಭವಿಸುವ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಮೂವತ್ತು ಟನ್ನುಗಳನ್ನು ಮೀರುತ್ತದೆ. ಹೀಗೆ ಹಿಂಡಲ್ಪಟ್ಟ ಪದರಕ್ಕೆ ಬಿಡುಗಡೆಯ ದಾರಿ ಒಂದೇ: ಮೇಲಕ್ಕೆ ಬಾಗಿ ಲೋಹದಿಂದ ಬೇರ್ಪಡುವುದು. ಬೇರ್ಪಟ್ಟಾಗ ತನ್ನ ಮೇಲಿರುವ ಜಿರ್ಕೋನಿಯಾವನ್ನೂ ಕೂಡಿಯೇ ಎತ್ತಿಕೊಂಡು ಹೋಗುತ್ತದೆ. ಆದುದರಿಂದ ಲೇಪವು ಉರಿಯ ನಡುವೆ ಉದುರುವುದಕ್ಕಿಂತ, ಉರಿ ಆರಿ ಎಂಜಿನ್ ತಣಿಯುವಾಗ ಉದುರುವುದೇ ಹೆಚ್ಚು. ಪ್ರಯೋಗಾಲಯದ ಕುಲುಮೆಯಿಂದ ಸುಸ್ಥಿತಿಯಲ್ಲಿ ಹೊರಬಂದ ಮಾದರಿಗಳು ಮೇಜಿನ ಮೇಲೆ ಗಂಟೆಗಟ್ಟಲೆ ಇದ್ದು ಆಮೇಲೆ ತಾವಾಗಿ ಸಿಡಿದುದುಂಟು. ಗಾಳಿಯ ತೇವವೂ ಈ ಬೇರ್ಪಡಿಕೆಗೆ ನೆರವಾಗುತ್ತದೆಂದೂ, ಒಂದು ಹನಿ ನೀರು ಬಿದ್ದರೆ ಕೆಲವು ಮಾದರಿಗಳು ಒಡನೆಯೇ ಉದುರುತ್ತವೆಂದೂ ಕಂಡುಬಂದಿದೆ.

ಕಾಯುವುದೇ ಕೊಲ್ಲುವ ಬಗೆ

ಹಾಗಾದರೆ ಈ ಅಲ್ಯೂಮಿನಾ ಪದರವೇ ಹುಟ್ಟದಂತೆ ತಡೆಯಬಾರದೇಕೆ ಎಂದು ಕೇಳಬಹುದು. ತಡೆಯಲಾಗದು, ತಡೆಯಲೂಬಾರದು. ಜಿರ್ಕೋನಿಯಾವು ಶಾಖವನ್ನು ತಡೆಯುತ್ತದೆಯೇ ಹೊರತು ಆಮ್ಲಜನಕವನ್ನು ತಡೆಯುವುದಿಲ್ಲ. ಅದರ ರಂಧ್ರಗಳ ಮೂಲಕವೂ ಹರಳಿನ ಮೂಲಕವೂ ಆಮ್ಲಜನಕವು ಸುಲಭವಾಗಿ ಒಳಸಾಗುತ್ತದೆ. ಅದಕ್ಕೆ ಅಡ್ಡಲಾಗಿ ನಿಲ್ಲುವುದು ಅಲ್ಯೂಮಿನಾ ಪದರವೊಂದೇ. ಕಬ್ಬಿಣದ ತುಕ್ಕು ಸಡಿಲವಾಗಿ ಉದುರಿ ಹೊಸ ತುಕ್ಕಿಗೆ ಎಡೆ ಮಾಡಿಕೊಡುತ್ತದೆ. ಅಲ್ಯೂಮಿನಾವಾದರೋ ದಟ್ಟವಾಗಿ ಹಬ್ಬಿ ಕೆಳಗಿನ ಲೋಹವನ್ನು ಕಾಪಾಡುತ್ತದೆ. ಅದಿಲ್ಲದಿದ್ದರೆ ಲೋಹವು ಬೇಗನೆ ಸುಟ್ಟುಹೋಗುತ್ತದೆ.

ಆದರೆ ಕಾಯುತ್ತ ಕಾಯುತ್ತಲೇ ಅದು ದಪ್ಪವಾಗುತ್ತದೆ. ಈ ಬೆಳವಣಿಗೆಗೆ ಒಂದು ನಿಯಮವುಂಟು. ದಪ್ಪವು ಸ್ಥೂಲವಾಗಿ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ದಪ್ಪ ಎರಡರಷ್ಟಾಗಲು ಕಾಲ ನಾಲ್ಕರಷ್ಟು ಬೇಕು. ಆದರೆ ಉಷ್ಣತೆ ಏರಿದರೆ ಈ ವೇಗ ಬಹಳ ಬೇಗ ಹೆಚ್ಚುತ್ತದೆ. ಹಿಂಡಲ್ಪಟ್ಟ ಪದರದಲ್ಲಿ ಕೂಡಿಟ್ಟ ಶಕ್ತಿಯು ಅದರ ದಪ್ಪಕ್ಕೆ ಅನುಗುಣವಾದುದು. ಆ ಶಕ್ತಿಯು ಅಂಟಿಕೆಯ ಬಲವನ್ನು ಮೀರಿದ ದಿನ ಲೇಪ ಉದುರುತ್ತದೆ. ಹಲವು ಲೇಪಗಳಲ್ಲಿ ಈ ಎಲ್ಲೆ ಐದಾರು ಮೈಕ್ರಾನುಗಳ ಸುತ್ತಮುತ್ತ ಇರುತ್ತದೆ. ಇದರೊಡನೆ ಬಂಧಕ ಲೇಪದಲ್ಲಿದ್ದ ಅಲ್ಯೂಮಿನಿಯಂ ದಾಸ್ತಾನು ಮುಗಿಯುತ್ತ ಬಂದರೆ ಅಲ್ಯೂಮಿನಾದ ಬದಲು ನಿಕಲ್ ಮುಂತಾದುವುಗಳ ಪೆಡಸು ಆಕ್ಸೈಡುಗಳು ಬೇಗಬೇಗನೆ ಬೆಳೆದು ಅಂಟಿಕೆಯನ್ನು ಇನ್ನಷ್ಟು ಕೆಡಿಸುತ್ತವೆ. ಪ್ರತಿಸಲ ಕಾದು ಆರಿದಾಗಲೂ ಬಂಧಕ ಲೇಪದ ಮೈ ಸ್ವಲ್ಪ ಸ್ವಲ್ಪವಾಗಿ ಅಲೆಯಲೆಯಾಗುತ್ತ, ಮೇಲಿನ ಪಿಂಗಾಣಿಯಿಂದ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಜಿರ್ಕೋನಿಯಾವಾದರೂ ಹಾಗೆಯೇ ಉಳಿಯುವುದಿಲ್ಲ. ದೀರ್ಘಕಾಲದ ಬಿಸಿಯಲ್ಲಿ ಅದರ ಸಂದುಗಳು ಬೆಸೆದುಕೊಂಡು ಕಂಬಗಳು ಒಂದಕ್ಕೊಂದು ಅಂಟುತ್ತವೆ. ಬಾಗುವ ಗುಣ ಹೋಗಿ ಬಿಗಿತನ ಬರುತ್ತದೆ. ಸುಮಾರು ೧೨೦೦ ಡಿಗ್ರಿಯ ಮೇಲೆ ಹೆಚ್ಚು ಕಾಲ ಇದ್ದರೆ ಅದರ ಹರಳಿನ ಒಪ್ಪಂದವೇ ಮುರಿದು, ಯಿಟ್ರಿಯಾ ಹೆಚ್ಚಿರುವ ಭಾಗ ಮತ್ತು ಕಡಿಮೆಯಿರುವ ಭಾಗಗಳೆಂದು ಒಡೆಯುತ್ತದೆ. ಕಡಿಮೆಯಿರುವ ಭಾಗವು ಆರುವಾಗ ಶುದ್ಧ ಜಿರ್ಕೋನಿಯಾದಂತೆ ಉಬ್ಬುತ್ತದೆ.

ಧೂಳು ಮತ್ತು ಬೂದಿ

ಮೇಲೆ ಹೇಳಿದ ಕೇಡುಗಳೆಲ್ಲ ಲೇಪದ ಒಳಗಿನಿಂದಲೇ ಹುಟ್ಟುವಂಥವು. ಹೊರಗಿನಿಂದ ಬರುವ ಶತ್ರುಗಳಲ್ಲಿ ಮುಖ್ಯವಾದುದು ಧೂಳು. ಎಂಜಿನ್ ಸೇದಿಕೊಳ್ಳುವ ಗಾಳಿಯೊಡನೆ ಮರಳುಗಾಡಿನ ಧೂಳೂ ಜ್ವಾಲಾಮುಖಿಯ ಬೂದಿಯೂ ಒಳಸೇರುತ್ತವೆ. ಇವುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನುಗಳ ಆಕ್ಸೈಡುಗಳಿರುತ್ತವೆ. ಹಿಂದಿನ ಎಂಜಿನ್ನುಗಳಲ್ಲಿ ಲೇಪದ ಮೈ ಅಷ್ಟು ಬಿಸಿಯಾಗುತ್ತಿರಲಿಲ್ಲವಾದ್ದರಿಂದ ಕಣಗಳು ಬಡಿದು ಮೈಯನ್ನು ಸವೆಸುತ್ತಿದ್ದವಷ್ಟೆ. ಲೇಪದ ಹೊರಮೈ ಸುಮಾರು ೧೨೦೦ ಡಿಗ್ರಿಯನ್ನು ದಾಟಿದ ಮೇಲೆ ಅವು ಕರಗಿ ಗಾಜಿನ ಪಾಕವಾಗುತ್ತವೆ. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಕಂಬಗಳ ನಡುವಿನ ಸಂದುಗಳು ಈ ಪಾಕವನ್ನು ಹೀರಿಕೊಳ್ಳುತ್ತವೆ. ಪಾಕವು ಜಿರ್ಕೋನಿಯಾದಲ್ಲಿನ ಯಿಟ್ರಿಯಾವನ್ನು ಕರಗಿಸಿಕೊಳ್ಳುತ್ತದೆ. ಎಂಜಿನ್ ಆರಿದಾಗ ಗಾಜು ಗಟ್ಟಿಯಾಗಿ, ಬಿಡಿಬಿಡಿಯಾಗಿದ್ದ ಕಂಬಗಳು ಒಂದೇ ಬಿಲ್ಲೆಯಾಗಿ ಪದರಪದರವಾಗಿ ಎದ್ದುಬರುತ್ತವೆ. ಉಷ್ಣತೆಯನ್ನು ಏರಿಸಲೆಂದು ತಂದ ಲೇಪವು ಉಷ್ಣತೆ ಏರಿದ ಕಾರಣದಿಂದಲೇ ಹೊಸ ಶತ್ರುವನ್ನು ಎದುರಿಸಬೇಕಾದುದು ಹೀಗೆ.

ಕರಗಿದ ಬೂದಿಯು ಎಂಜಿನ್ನಿಗೆ ಏನು ಮಾಡಬಲ್ಲುದೆಂಬುದಕ್ಕೆ ೧೯೮೨ರ ಜೂನ್ ೨೪ರ ಘಟನೆಯೊಂದು ಸಾಕ್ಷಿ. ಕೌಲಾಲಂಪುರದಿಂದ ಪರ್ತ್ ನಗರಕ್ಕೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸಿನ ಬೋಯಿಂಗ್ ೭೪೭ ವಿಮಾನವು ರಾತ್ರಿಯಲ್ಲಿ ಜಾವಾ ದ್ವೀಪದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯ ಮೋಡವನ್ನು ಹೊಕ್ಕಿತು. ನಾಲ್ಕು ಎಂಜಿನ್ನುಗಳೂ ಒಂದರ ಹಿಂದೊಂದು ನಿಂತವು. ಬೂದಿಯು ಕರಗಿ ಗಾಜಾಗಿ ಎಂಜಿನ್ನಿನೊಳಗಿನ ಅನಿಲದ ದಾರಿಗಳಿಗೆ ಅಂಟಿತ್ತು. ವಿಮಾನವು ಎಂಜಿನ್ ಇಲ್ಲದೆ ತೇಲುತ್ತ ಇಳಿದು ಮೋಡದಿಂದ ಹೊರಬಂದಾಗ, ಆರಿದ ಗಾಜು ಬಿರಿದು ಉದುರಿ ಎಂಜಿನ್ನುಗಳು ಮತ್ತೆ ಹೊತ್ತಿಕೊಂಡವು. ಅದರಲ್ಲಿದ್ದ ೨೬೩ ಜನರೂ ಜಕಾರ್ತಾದಲ್ಲಿ ಸುರಕ್ಷಿತವಾಗಿ ಇಳಿದರು. ೧೯೮೯ರ ಡಿಸೆಂಬರಿನಲ್ಲಿ ಅಲಾಸ್ಕಾದ ರಿಡೌಟ್ ಜ್ವಾಲಾಮುಖಿಯ ಬಳಿ ಡಚ್ಚರ ಕೆ.ಎಲ್.ಎಂ. ವಿಮಾನವೊಂದಕ್ಕೂ ಇದೇ ಗತಿ ಬಂದು, ಅದೂ ಕೊನೆಯಲ್ಲಿ ಪಾರಾಯಿತು. ಅಂದು ದಾರಿ ಕಟ್ಟಿಹೋದುದೇ ಮುಖ್ಯ ಕಾರಣ, ಲೇಪದ ದೋಷವಲ್ಲ. ಆದರೆ ಕಣ್ಣಿಗೆ ನವಿರಾಗಿ ಕಾಣುವ ಧೂಳು ಟರ್ಬೈನಿನೊಳಗೆ ಏನಾಗಿ ಮಾರ್ಪಡುತ್ತದೆಂಬುದನ್ನು ಈ ಘಟನೆಗಳು ಜಗತ್ತಿಗೆ ಕಲಿಸಿದವು.

ಆಯುಷ್ಯವನ್ನು ಅಳೆಯುವುದು

ಲೇಪದ ಬಾಳಿಕೆಯನ್ನು ತಿಳಿಯಲು ಮಾದರಿಗಳನ್ನು ಕುಲುಮೆಯಲ್ಲಿ ೧೧೦೦ ಡಿಗ್ರಿಯ ಮೇಲೆ ಮುಕ್ಕಾಲು ಗಂಟೆಯಷ್ಟು ಕಾಯಿಸಿ, ಹತ್ತು ಹದಿನೈದು ನಿಮಿಷ ಆರಿಸಿ, ಮತ್ತೆ ಕಾಯಿಸುತ್ತ, ಉದುರುವವರೆಗಿನ ಆವೃತ್ತಿಗಳನ್ನು ಎಣಿಸುತ್ತಾರೆ. ವಿಮಾನದ ಒಂದೊಂದು ಹಾರಾಟವೂ ಇಂಥ ಒಂದೊಂದು ಆವೃತ್ತಿ. ವಿದ್ಯುದಾಗಾರದ ಟರ್ಬೈನಾದರೋ ಅಪರೂಪವಾಗಿ ಆರುತ್ತದೆ, ಆದರೆ ಸಾವಿರಾರು ಗಂಟೆ ಎಡೆಬಿಡದೆ ಕಾದಿರುತ್ತದೆ. ಮೊದಲನೆಯದನ್ನು ದಣಿಸುವುದು ಆವೃತ್ತಿಗಳ ಎಣಿಕೆ. ಎರಡನೆಯದನ್ನು ಗಂಟೆಗಳ ಎಣಿಕೆ. ಒಂದಕ್ಕೆ ಒಪ್ಪಿದ ಲೇಪ ಇನ್ನೊಂದಕ್ಕೂ ಒಪ್ಪೀತೆಂದು ಹೇಳಲಾಗದು.

ಒಂದೇ ಬಗೆಯಲ್ಲಿ ತಯಾರಾದ ಮಾದರಿಗಳ ಆಯುಷ್ಯವೂ ಒಂದೇ ಆಗಿರುವುದಿಲ್ಲವೆಂಬುದು ಇಲ್ಲಿನ ದೊಡ್ಡ ಕಷ್ಟ. ಪಿಂಗಾಣಿಯ ಬಲವನ್ನು ನಿರ್ಧರಿಸುವುದು ಅದರಲ್ಲಿರುವ ಅತ್ಯಂತ ದುರ್ಬಲ ಬಿಂದು. ಅದು ಎಲ್ಲಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಆದುದರಿಂದ ಬಹುಕಾಲ ವಿನ್ಯಾಸಕಾರರು ಲೇಪವನ್ನು ಹೆಚ್ಚಿನ ರಕ್ಷಣೆಯೆಂದು ಮಾತ್ರ ಎಣಿಸಿ, ಲೇಪ ಉದುರಿದರೂ ಅಲಗು ಮುಂದಿನ ತಪಾಸಣೆಯವರೆಗೆ ನಿಲ್ಲುವಂತೆ ಲೆಕ್ಕ ಹಾಕುತ್ತಿದ್ದರು. ಇದರಿಂದ ಸುರಕ್ಷತೆ ಉಳಿಯುತ್ತದೆ; ಆದರೆ ಲೇಪವು ಕೊಡಬಲ್ಲ ಲಾಭದ ಒಂದಂಶ ಕೈಬಿಡುತ್ತದೆ. ಲೇಪವನ್ನು ನಂಬಿಯೇ ಉಷ್ಣತೆಯನ್ನು ಏರಿಸ ಹೊರಟರೆ, ಅದು ಉದುರುವ ಕಾಲವನ್ನು ಮೊದಲೇ ಹೇಳಬಲ್ಲ ಶಾಸ್ತ್ರ ಬೇಕಾಗುತ್ತದೆ. ಲೇಪವನ್ನು ತಯಾರಿಸುವುದಕ್ಕಿಂತ ಅದರ ಆಯುಷ್ಯವನ್ನು ಹೇಳುವುದೇ ಕಠಿಣವೆಂದು ತಜ್ಞರು ಭಾವಿಸುವುದು ಈ ಕಾರಣದಿಂದ.

ಇದಕ್ಕೆ ದೊರೆತ ಉಪಾಯಗಳಲ್ಲಿ ಒಂದು ಬಹು ಸೊಗಸಾದುದು. ನಾವು ರತ್ನವೆಂದು ಧರಿಸುವ ಮಾಣಿಕ್ಯವು ಅಲ್ಯೂಮಿನಾವೇ. ಅದರಲ್ಲಿ ಸೇರಿದ ಅತ್ಯಲ್ಪ ಕ್ರೋಮಿಯಮ್ಮಿನಿಂದ ಅದಕ್ಕೆ ಕೆಂಪು ಬಂದಿದೆ. ಮಿಶ್ರಲೋಹದ ಕ್ರೋಮಿಯಂ ಅಲಗಿನ ಅಲ್ಯೂಮಿನಾ ಪದರಕ್ಕೂ ಸ್ವಲ್ಪ ಸೇರಿರುತ್ತದೆ. ಲೇಸರ್ ಬೆಳಕನ್ನು ಅಲಗಿನ ಮೇಲೆ ಬೀರಿದರೆ ಅದು ಜಿರ್ಕೋನಿಯಾವನ್ನು ಹಾದು ಒಳಗಿನ ಪದರವನ್ನು ಮುಟ್ಟಿ, ಮಾಣಿಕ್ಯದ್ದೇ ಆದ ಕೆಂಪು ಬೆಳಕನ್ನು ಹೊರಡಿಸುತ್ತದೆ. ಪದರವು ಎಷ್ಟು ಹಿಂಡಲ್ಪಟ್ಟಿದೆಯೋ ಅದಕ್ಕೆ ತಕ್ಕಂತೆ ಆ ಕೆಂಪಿನ ತರಂಗಾಂತರ ತುಸು ಸರಿಯುತ್ತದೆ. ಆ ಸರಿತವನ್ನು ಅಳೆದರೆ ಪದರದ ಒತ್ತಡ ತಿಳಿಯುತ್ತದೆ. ಒತ್ತಡ ಇದ್ದಕ್ಕಿದ್ದಂತೆ ಇಳಿದಿದ್ದರೆ ಅಲ್ಲಿ ಪದರ ಬಿಟ್ಟುಕೊಂಡಿದೆಯೆಂದು ಅರ್ಥ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿಗಳು ೧೯೯೦ರ ದಶಕದಲ್ಲಿ ಈ ವಿಧಾನವನ್ನು ಬೆಳೆಸಿದರು. ಲೇಪವನ್ನು ಕೀಳದೆಯೇ ಅದರ ನಾಡಿಯನ್ನು ಹಿಡಿದು ನೋಡಿದಂತೆ ಇದು.

ಪರಿಹಾರದ ದಾರಿಗಳು

ಧೂಳಿನ ಬಾಧೆಗೆ ಗ್ಯಾಡೊಲಿನಿಯಂ ಜಿರ್ಕೊನೇಟ್ ಎಂಬ ಹೊಸ ಪಿಂಗಾಣಿಯಿಂದ ಪರಿಹಾರ ದೊರೆಯುವಂತಿದೆ. ಅದರ ಉಷ್ಣವಾಹಕತೆ ಜಿರ್ಕೋನಿಯಾಕ್ಕಿಂತ ಕಡಿಮೆ. ಕರಗಿದ ಗಾಜು ಅದರ ಮೇಲೆ ಬಿದ್ದರೆ ಎರಡೂ ಕೂಡಿ ಹೊಸ ಹರಳುಗಳು ಬೇಗನೆ ಕಟ್ಟಿ, ಸಂದುಗಳ ಬಾಯಿ ಮುಚ್ಚಿ, ಪಾಕವು ಇನ್ನೂ ಕೆಳಗಿಳಿಯದಂತೆ ತಡೆಯುತ್ತವೆ. ಶತ್ರುವಿನ ಒಂದಂಶವನ್ನೇ ಬಳಸಿ ಬಾಗಿಲು ಹಾಕುವ ಉಪಾಯವಿದು. ಆದರೆ ಈ ಪಿಂಗಾಣಿ ಬೇಗನೆ ಬಿರಿಯುತ್ತದೆ. ಅಲ್ಯೂಮಿನಾದೊಡನೆ ವರ್ತಿಸಿ ಅದನ್ನು ಕೆಡಿಸುತ್ತದೆ. ಆದಕಾರಣ ಕೆಳಗೆ ಹಳೆಯ ಜಿರ್ಕೋನಿಯಾ, ಮೇಲೆ ಹೊಸ ಜಿರ್ಕೊನೇಟ್ ಎಂದು ಎರಡು ಪದರಗಳನ್ನು ಹಚ್ಚುವ ಪದ್ಧತಿ ಬಂದಿದೆ. ಒಂದು ಗುಣವನ್ನು ಪಡೆಯಹೋದರೆ ಇನ್ನೊಂದನ್ನು ಕಳೆದುಕೊಳ್ಳುವ ಸಂದರ್ಭದಲ್ಲಿ ಎರಡನ್ನೂ ಹಂಚಿಕೊಂಡು ದುಡಿಸುವುದೇ ಈ ಶಾಸ್ತ್ರದ ಜಾಣ್ಮೆಯಾಗಿದೆ.

ನಮ್ಮ ನಾಡಿಗೂ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು ಯುದ್ಧವಿಮಾನಕ್ಕೆ ಸ್ವದೇಶಿ ಎಂಜಿನ್ ರಚಿಸಲು ೧೯೮೯ರಲ್ಲಿ ಮಂಜೂರಾದ ಯೋಜನೆಗೆ ನಮ್ಮ ನದಿಯ ಹೆಸರನ್ನೇ ಇಟ್ಟು 'ಕಾವೇರಿ' ಎಂದು ಕರೆಯಿತು. ಅದಕ್ಕೆ ಬೇಕಾದ ನೂಕುಬಲ ಒದಗದೆ, ೨೦೦೮ರಲ್ಲಿ ಆ ಎಂಜಿನ್ನನ್ನು ತೇಜಸ್ ವಿಮಾನದ ಯೋಜನೆಯಿಂದ ಬೇರ್ಪಡಿಸಬೇಕಾಯಿತು. ಬೆಂಗಳೂರಿನಲ್ಲಿಯೇ ೨೦೦೧ರ ಜನವರಿಯಲ್ಲಿ ಮೊದಲು ಹಾರಿದ ತೇಜಸ್ ಅಮೆರಿಕದ ಎಂಜಿನ್ನಿನಿಂದ ಹಾರುತ್ತಿದೆ. ಎಂಜಿನ್ನಿನ ನಕ್ಷೆಯನ್ನು ಬರೆಯುವುದು ಒಂದು ಕೆಲಸವಾದರೆ, ಆ ನಕ್ಷೆ ಕೇಳುವ ಬಿಸಿಯಲ್ಲಿ ಬಾಳುವ ಅಲಗನ್ನೂ ಲೇಪವನ್ನೂ ತಯಾರಿಸುವುದು ಮತ್ತೊಂದು. ಈ ಎರಡನೆಯ ವಿದ್ಯೆಯನ್ನು ಬಲ್ಲ ದೇಶಗಳು ಕೆಲವೇ. ಅವು ಅದನ್ನು ಸುಲಭವಾಗಿ ಹಂಚಿಕೊಳ್ಳುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯವು ಒಂದೇ ಹರಳಿನ ಅಲಗುಗಳನ್ನು ತಯಾರಿಸಿ, ಹೆಲಿಕಾಪ್ಟರ್ ಎಂಜಿನ್ನಿಗಾಗಿ ೬೦ ಅಲಗುಗಳನ್ನು ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಒಪ್ಪಿಸಿದ ಸುದ್ದಿ ೨೦೨೧ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಸಂಖ್ಯೆ ಸಣ್ಣದು, ಹೆಜ್ಜೆ ದೊಡ್ಡದು.

ಈ ಲೇಪದ ಶಾಸ್ತ್ರದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆಗಳು ಹಲವಿವೆ. ಒಂದು ನಿರ್ದಿಷ್ಟ ಅಲಗಿನ ಮೇಲಿನ ಲೇಪ ಇನ್ನೆಷ್ಟು ಹಾರಾಟಗಳವರೆಗೆ ನಿಂತೀತು ಎಂದು ನಿಶ್ಚಯವಾಗಿ ಹೇಳುವುದು ಹೇಗೆ? ದಪ್ಪವಾದರೂ ಬಿಟ್ಟುಕೊಳ್ಳದ ಅಲ್ಯೂಮಿನಾವನ್ನು ಬೆಳೆಸುವುದು ಹೇಗೆ? ಕರಗಿದ ಧೂಳನ್ನು ತಡೆದೂ ಬಿರಿಯದ ಪಿಂಗಾಣಿ ಯಾವುದು? ಇವುಗಳಿಗೆ ಉತ್ತರ ಹುಡುಕುವವರಿಗೆ ಬೇಕಾಗುವ ಮೊದಲ ಪಾಠಗಳು, ಎಂದರೆ ವಸ್ತುಗಳು ಬಿಸಿಗೆ ಹಿಗ್ಗುವ ಬಗೆ, ಶಾಖ ಹರಿಯುವ ನಿಯಮ, ಲೋಹಗಳು ಆಮ್ಲಜನಕದೊಡನೆ ಕೂಡುವ ರೀತಿ, ನಮ್ಮ ಶಾಲೆಗಳ ಪಠ್ಯಪುಸ್ತಕಗಳಲ್ಲಿಯೇ ಇವೆ. ಅವುಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ಬಿಡದೆ, ಅರ್ಥ ಮಾಡಿಕೊಂಡು ಮುಂದುವರಿಯುವ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಈ ಕ್ಷೇತ್ರಕ್ಕೆ ಬಂದು, ನಮ್ಮ ನಾಡಿನಲ್ಲಿಯೇ ಎರಕ ಹೊಯ್ದ ಅಲಗಿಗೆ ನಮ್ಮ ನಾಡಿನಲ್ಲಿಯೇ ತಯಾರಾದ, ಬಾಳುವ ಪೊರೆಯನ್ನು ತೊಡಿಸುವಂತಾಗಲಿ ಎಂದು ಹಾರೈಸುತ್ತೇನೆ.